ಮಗ್ಗದ ಮನೆಯ ಬೆಕ್ಕಿಗೆ ಉಗುರು ಇರಲಿ

ಪ್ರಶ್ನೆ: ನಮ್ಮದು ನೇಕಾರರ ಮನೆ. ಇಲಿಗಳ ಕಾಟಕ್ಕೆಂದು ಸಾಕಿದ ಬೆಕ್ಕು ಈಗ ಮಗ್ಗದ ಹಾಸಿನ ಎಳೆಗಳನ್ನೇ ಪರಚಿ ಹರಿಯುತ್ತಿದೆ. ಶಸ್ತ್ರಚಿಕಿತ್ಸೆ ಮಾಡಿಸಿ ಉಗುರುಗಳನ್ನು ಶಾಶ್ವತವಾಗಿ ತೆಗೆಸಬಹುದೆಂದು ಬಂಧುಗಳೊಬ್ಬರು ಹೇಳುತ್ತಾರೆ. ಇದು ಸರಿಯೇ? ಮನೆಯಲ್ಲೇ ಉಗುರು ಕತ್ತರಿಸುವುದಾದರೆ ಹೇಗೆ?
– ಓದುಗರೊಬ್ಬರು, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ದಯವಿಟ್ಟು ತೆಗೆಸಬೇಡಿ. ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಯಿಂದಲೇ ಬೆಳೆಯುವುದರಿಂದ, ಅದು ಮತ್ತೆ ಬಾರದಂತೆ ಮಾಡಬೇಕಾದರೆ ಆ ಮೂಳೆಯನ್ನೇ ಕತ್ತರಿಸಬೇಕಾಗುತ್ತದೆ. ಎರಡು ಮುಂಗಾಲುಗಳಿಗೆ ಮಾಡಿಸಿದರೂ 10 ಬೆರಳುಗಳ ತುದಿ ಹೋಗುತ್ತದೆ. ಆ ಬಳಿಕ ಕೆಲವು ಬೆಕ್ಕುಗಳಲ್ಲಿ ಕಾಲುನೋವು ಉಳಿದುಬಿಡುತ್ತದೆ, ಕಚ್ಚುವ ಸ್ವಭಾವ ಹೆಚ್ಚುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯವು 2019ರಲ್ಲಿ ಇದನ್ನು ನಿಷೇಧಿಸಿತು. ನಮ್ಮಲ್ಲಿಯೂ ಪ್ರಾಣಿಗಳ ಅಂಗಚ್ಛೇದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅಷ್ಟಕ್ಕೂ ಉಗುರಿಲ್ಲದ ಬೆಕ್ಕು ಇಲಿ ಹಿಡಿಯುವುದಾದರೂ ಹೇಗೆ?

ಉಗುರಿನ ಹಳೆಯ ಪೊರೆಯನ್ನು ಕಳಚಲು, ಮೈ ಚಾಚಲು ಮತ್ತು ಅಂಗಾಲಿನ ಗ್ರಂಥಿಗಳ ವಾಸನೆಯಿಂದ ತನ್ನ ಗಡಿ ಗುರುತಿಸಲು ಬೆಕ್ಕು ಪರಚುತ್ತದೆ. ಗದರಿಸಿದರೆ ಅದು ನಿಲ್ಲುವುದಿಲ್ಲ, ನಿಮ್ಮ ಕಣ್ಣು ತಪ್ಪಿಸಿ ಮುಂದುವರಿಯುತ್ತದೆ. ಆದ್ದರಿಂದ ಅದಕ್ಕೊಂದು ಸ್ವಂತ ಜಾಗ ಕೊಡಿ. ಬೆಕ್ಕು ಹಿಂಗಾಲಿನ ಮೇಲೆ ನಿಂತು ಪೂರ್ತಿ ಚಾಚಿಕೊಳ್ಳುವಷ್ಟು, ಅಂದರೆ ಸುಮಾರು ಮೂರು ಅಡಿ ಎತ್ತರದ ಮರದ ಕಂಬಕ್ಕೆ ಕತ್ತಾಳೆ ನಾರಿನ ಹಗ್ಗವನ್ನು ಒತ್ತಾಗಿ ಸುತ್ತಿ, ಅಲುಗಾಡದಂತೆ ಮೊದಲು ಮಗ್ಗದ ಹತ್ತಿರವೇ ನಿಲ್ಲಿಸಿ. ಅಲ್ಲಿ ಪರಚಿದೊಡನೆ ಇಷ್ಟದ ತಿನಿಸು ಕೊಡಿ. ರೂಢಿಯಾದ ಮೇಲೆ ಕಂಬವನ್ನು ದಿನಕ್ಕಿಷ್ಟು ದೂರ ಸರಿಸಬಹುದು. ಕೆಲಸ ಮುಗಿದಾಗ ಹಾಸಿನ ಮೇಲೆ ದಪ್ಪ ಬಟ್ಟೆ ಹೊದಿಸುವುದನ್ನಂತೂ ಮರೆಯಬೇಡಿ.

ಇನ್ನು ಕತ್ತರಿಸುವ ವಿಚಾರ. ಎರಡು ಮೂರು ವಾರಗಳಿಗೊಮ್ಮೆ, ಬೆಕ್ಕು ಉಂಡು ತೂಕಡಿಸುವ ಹೊತ್ತಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳಿನ ಮೇಲೆ ಕೆಳಗೆ ಮೆಲ್ಲಗೆ ಒತ್ತಿದರೆ ಉಗುರು ಹೊರಬರುತ್ತದೆ. ಬುಡದಲ್ಲಿ ಕಾಣುವ ಗುಲಾಬಿ ಭಾಗದಲ್ಲಿ ರಕ್ತನಾಳವೂ ನರವೂ ಇರುವುದರಿಂದ ಅದಕ್ಕಿಂತ ಕನಿಷ್ಠ 2 ಮಿಲಿಮೀಟರ್ ಮುಂದೆ, ಬೆಕ್ಕುಗಳಿಗೆಂದೇ ಮಾರುವ ಹರಿತವಾದ ಕತ್ತರಿಯಿಂದ ಮೊನೆಯನ್ನಷ್ಟೇ ತೆಗೆಯಿರಿ. ಮೊಂಡು ಕತ್ತರಿ ಉಗುರನ್ನು ಸೀಳುತ್ತದೆ. ಒಂದೇ ಸಲಕ್ಕೆ ಎಲ್ಲ ಉಗುರುಗಳನ್ನೂ ಮುಗಿಸಬೇಕೆಂಬ ಹಟ ಬೇಡ, ಕೊಸರಿಕೊಂಡರೆ ಬಿಟ್ಟುಬಿಡಿ. ರಕ್ತ ಬಂದರೆ ಕಾರ್ನ್ ಫ್ಲೋರ್ ಹಚ್ಚಿ ಕೆಲವು ನಿಮಿಷ ಒತ್ತಿ ಹಿಡಿಯಿರಿ. ಆದರೂ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ. ನಿಮಗೆ ಪರಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಿಂದ ತೊಳೆದು, ರೇಬಿಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಉಗುರಿಗೆ ಅಂಟಿಸುವ ಮೆತ್ತನೆಯ ಟೊಪ್ಪಿಗಳೂ ಮಾರಾಟಕ್ಕಿವೆ. ಮನೆಯೊಳಗೇ ಇರುವ ಬೆಕ್ಕಿಗೆ ಅವು ಸಾಕು; ಹೊರಗೆ ತಿರುಗಿ ಬೇಟೆಯಾಡುವ ಬೆಕ್ಕಿಗೆ ಸಲ್ಲವು.