ಗೋಲ್ ಕೊಟ್ಟರೂ ಜಗಳ, ಕೊಡದಿದ್ದರೂ ಜಗಳ

ಫುಟ್ಬಾಲ್ ರೆಫ್ರಿಗೆ ವಿಎಆರ್, ಅಂದರೆ ಕೋಣೆಯಲ್ಲಿ ಕೂತು ವಿಡಿಯೊ ನೋಡಿ ರೆಫ್ರಿಯ ತಪ್ಪು ತಿದ್ದುವ ವ್ಯವಸ್ಥೆ, ಬೇಕೋ ಬೇಡವೋ ಅಂತ ಈ ಅಂಕಣದಲ್ಲಿ ಹೋದ ಸಲ ಸುಮ್ನೆ ಒಂದು ಮಾತು ಕೇಳಿದ್ದೆ. ಬಂದ ಪತ್ರಗಳನ್ನು ನೋಡಿದರೆ ಮಂಗಳೂರು, ಉಡುಪಿ ಕಡೆ ಕ್ರಿಕೆಟ್ ಮಾತ್ರ ನೋಡುತ್ತಾರೆ ಎನ್ನುವವರು ಬಾಯಿ ಮುಚ್ಚಿಕೊಳ್ಳಬೇಕು. ಎಲ್ಲದಕ್ಕೂ ಜಾಗ ಇಲ್ಲ. ಕೆಲವಕ್ಕೆ ಮಾತ್ರ ಉತ್ತರಿಸಿದ್ದೇನೆ.

ಪ್ರಶ್ನೆ: ಭಾರತ–ಕತಾರ್ ಪಂದ್ಯದಲ್ಲಿ ಹೊರಗೆ ಹೋದ ಬಾಲನ್ನು ಎಳೆದು ತಂದು ಗೋಲ್ ಹೊಡೆದರಲ್ಲ, ಅದು ವರ್ಲ್ಡ್ ಕಪ್ ಅರ್ಹತಾ ಪಂದ್ಯ ಮಾರಾಯ್ರೆ. ಅಲ್ಲಿ ವಿಎಆರ್ ಯಾಕೆ ಇರಲಿಲ್ಲ? ಮಗ ಈಗಲೂ ಕೇಳುತ್ತಾನೆ, ನನ್ನ ಹತ್ರ ಉತ್ತರ ಇಲ್ಲ.
— ಒಬ್ಬ ಅಪ್ಪ, ಉಳ್ಳಾಲ

ಉತ್ತರ: ನಿಮ್ಮ ಮಗನಿಗಿಂತ ನನಗೆ ವಯಸ್ಸು ಜಾಸ್ತಿ, ಸಿಟ್ಟು ಮಾತ್ರ ಅಷ್ಟೇ ಉಂಟು. 2024ರ ಜೂನ್ 11, ದೋಹಾ. ಅಲ್ಲಿಯ ತನಕ ಕ್ಯಾಪ್ಟನ್ ಆಗಿದ್ದ ಸುನಿಲ್ ಛೆಟ್ರಿ ಭಾರತ ತಂಡದ ಬೂಟು ಕಳಚಿ ಐದೇ ದಿನ ಆಗಿತ್ತು. ಛಾಂಗ್ಟೆ 37ನೇ ನಿಮಿಷಕ್ಕೆ ಗೋಲ್ ಹೊಡೆದು ನಾವು 1–0 ಮುಂದೆ ಇದ್ದೆವು, ಹಾಗೇ ಮುಗಿದಿದ್ದರೆ ಮೂರನೇ ಸುತ್ತು ನಮ್ಮದು. 73ನೇ ನಿಮಿಷದಲ್ಲಿ ಒಂದು ಹೆಡರ್ ಬಂತು. ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ತಡೆದರು. ಬಾಲು ಅವರ ಮೈ ಅಡಿಯಿಂದ ಜಾರಿ, ಗೋಲ್ ಕಂಬದ ಹೊರಗಡೆ, ಗೆರೆ ದಾಟಿ ಆಚೆ ಹೋಯಿತು. ಕತಾರಿನ ಒಬ್ಬ ಅದನ್ನು ಕಾಲಲ್ಲಿ ಒಳಕ್ಕೆ ಎಳೆದ, ಇನ್ನೊಬ್ಬ, ಯೂಸುಫ್ ಅಯ್ಮನ್, ಒಳಗೆ ತಳ್ಳಿದ. ನಿಯಮದ ಪ್ರಕಾರ ಅಲ್ಲಿ ಕಾರ್ನರ್ ಕೊಡಬೇಕಿತ್ತು, ಕೊಟ್ಟದ್ದು ಗೋಲ್. ಆಮೇಲೆ 85ಕ್ಕೆ ಇನ್ನೊಂದು ಬಿತ್ತು, 2–1, ಕಥೆ ಮುಗಿಯಿತು.

ವಿಎಆರ್ ಎಲ್ಲ ಪಂದ್ಯಕ್ಕೂ ಕಡ್ಡಾಯ ಅಲ್ಲ. ಟೂರ್ನಿ ನಡೆಸುವವರು ಬೇಕಾದರೆ ಇಟ್ಟುಕೊಳ್ಳಬಹುದು, ಇಟ್ಟುಕೊಂಡರೆ ಅದಕ್ಕೆ ತರಬೇತಾದ ಜನ, ಕ್ಯಾಮೆರಾ, ಕೋಣೆ ಎಲ್ಲ ನಿಯಮದಂತೆ ಇರಬೇಕು. ಏಷ್ಯಾದ ಆ ಸುತ್ತಿನಲ್ಲಿ 36 ತಂಡ, ಅಂದರೆ ಒಂದೊಂದು ಸರದಿಗೆ 18 ಪಂದ್ಯ, ಎಲ್ಲ ಊರಲ್ಲೂ ಒಂದೇ ಸಮ ವ್ಯವಸ್ಥೆ ಮಾಡುವುದು ಸುಲಭದ ಮಾತಲ್ಲ. ಹಾಗಾಗಿ ಆ ಸುತ್ತಿಗೆ ವಿಎಆರ್ ಇರಲಿಲ್ಲ. ಹೊಟ್ಟೆ ಉರಿಯುವುದು ಎಲ್ಲಿ ಗೊತ್ತಾ? ಅದಕ್ಕೆ ಒಂದೂವರೆ ವರ್ಷ ಮೊದಲು ಇದೇ ಕತಾರಿನಲ್ಲಿ ವರ್ಲ್ಡ್ ಕಪ್ ಆದಾಗ ಬಾಲಿನ ಹೊಟ್ಟೆಯೊಳಗೇ ಸೆನ್ಸರ್ ಇಟ್ಟಿದ್ದರು, ಅದು ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿತ್ತು. ನಮ್ಮ ಸರದಿ ಬಂದಾಗ ಇದ್ದದ್ದು ರೆಫ್ರಿ ಮತ್ತು ಲೈನ್ಸ್‌ಮನ್‌ನ ಕಣ್ಣು ಮಾತ್ರ. ಮಗನಿಗೆ ಇಷ್ಟು ಹೇಳಿ. ಅವನು ಒಪ್ಪಲಿಕ್ಕಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಪ್ರಶ್ನೆ: ಆಫ್‌ಸೈಡ್‌ಗೆ ಕಾಲಿನ ಹೆಬ್ಬೆರಳು ಅಳೆಯುವುದು ನ್ಯಾಯವಾ? ಗೋಲ್ ಆದ ಕೂಡಲೇ ಹಾಸ್ಟೆಲಿನಲ್ಲಿ ಬೊಬ್ಬೆ ಹೊಡೆಯಲಿಕ್ಕೂ ಹೆದರಿಕೆ ಆಗುತ್ತದೆ. ವಿಎಆರ್ ಆಟವನ್ನೇ ಕೊಂದಿದೆ ಅಂತ ನನ್ನ ವಾದ.
— ವಿದ್ಯಾರ್ಥಿ, ಮಣಿಪಾಲ

ಉತ್ತರ: ಬೊಬ್ಬೆಯ ವಿಷಯದಲ್ಲಿ ನಿಮ್ಮ ಪಕ್ಷ. ಹೆಬ್ಬೆರಳಿನ ವಿಷಯದಲ್ಲಿ ಅರ್ಧ ಮಾತ್ರ. (ಗೊತ್ತಿಲ್ಲದವರಿಗೆ: ಪಾಸ್ ಕೊಟ್ಟ ಕ್ಷಣದಲ್ಲಿ ಎದುರು ತಂಡದ ಕೊನೆಯಿಂದ ಎರಡನೆಯವನಿಗಿಂತ ಮುಂದೆ, ಗೋಲಿನ ಹತ್ತಿರ ನಿಂತಿದ್ದರೆ ಆಫ್‌ಸೈಡ್.)

ನೀವು ಕಂಬಳ ನೋಡಿದ್ದೀರೋ ಗೊತ್ತಿಲ್ಲ. ಹಗ್ಗ, ನೇಗಿಲಿನ ಓಟದಲ್ಲಿ ಮಂಜೊಟ್ಟಿಗೆ, ಅಂದರೆ ಓಟ ಮುಗಿಯುವ ಜಾಗಕ್ಕೆ, ಯಾವ ಜೋಡಿ ಮೊದಲು ಮುಟ್ಟಿತು ಅಂತ ಹಿಂದೆ ಎಷ್ಟು ಗಲಾಟೆ ಆಗುತ್ತಿತ್ತು. ಈಗ ಲೇಸರ್ ಬಂದಿದೆ, ಕೋಣದ ಮೂತಿ ದಾಟಿದ ಲೆಕ್ಕ ಅದು ಹೇಳುತ್ತದೆ, ಸೋತವರು ಗೊಣಗಿಕೊಂಡು ಹೋಗುತ್ತಾರೆ ಅಷ್ಟೇ. ಆದರೆ ಕನೆಹಲಗೆ ನೋಡಿ. ಕೋಣ ಓಡುವಾಗ ಚಿಮ್ಮಿದ ಕೆಸರು ನೀರು ಮೇಲೆ ಕಟ್ಟಿದ 6.5 ಕೋಲಿನ ನಿಶಾನೆಗೆ ಮುಟ್ಟಿತಾ, 7.5 ಕೋಲಿನದಕ್ಕೆ ಮುಟ್ಟಿತಾ ಅಂತ ಕತ್ತು ಎತ್ತಿ ನಿಂತವರ ಕಣ್ಣೇ ಜಾಸ್ತಿ ಕೆಲಸ ಮಾಡುತ್ತದೆ, ಅಲ್ಲಿ ಮಾತು ಬೆಳೆಯುತ್ತದೆ. ಫುಟ್ಬಾಲಿನಲ್ಲೂ ಹೀಗೆ ಎರಡು ಥರ ಉಂಟು. ಬಾಲು ಗೆರೆ ದಾಟಿತಾ, ಆಟಗಾರ ಎಲ್ಲಿದ್ದ ಅನ್ನುವುದು ಮಂಜೊಟ್ಟಿಯ ಲೆಕ್ಕ. ಕೈಗೆ ಬಾಲು ತಾಗಿದ್ದು ಬೇಕೆಂದೇ ಮಾಡಿದ್ದಾ, ತಳ್ಳಿದ್ದು ಜೋರಾಗಿತ್ತಾ ಅನ್ನುವುದು ಕನೆಹಲಗೆ.

ಮೊದಲನೆಯದಕ್ಕೆ ಮೆಷಿನ್ ಬೇಕೇ ಬೇಕು ಅಂತ ನನ್ನ ಅಭಿಪ್ರಾಯ. 2010ರ ವರ್ಲ್ಡ್ ಕಪ್‌ನಲ್ಲಿ, ಬ್ಲೂಮ್‌ಫಾಂಟೇನ್‌ನಲ್ಲಿ, ಜರ್ಮನಿ ಎದುರು ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಬಾಲು ಮೇಲಿನ ಅಡ್ಡಕಂಬಕ್ಕೆ ಬಡಿದು ಗೆರೆಯಿಂದ ಒಳಗೆ ಬಿದ್ದು ಪುಟಿದು ಹೊರಗೆ ಬಂತು. ಟಿವಿ ಮುಂದೆ ಕೂತ ಎಲ್ಲರಿಗೂ ಕಂಡಿತು, ಮೈದಾನದಲ್ಲಿದ್ದ ಮೂವರಿಗೆ ಮಾತ್ರ ಕಾಣಲಿಲ್ಲ. ಆ ಗಲಾಟೆಯ ನಂತರವೇ 2012ರಲ್ಲಿ ಗೋಲ್‌ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿದ್ದು, 2014ರ ವರ್ಲ್ಡ್ ಕಪ್‌ನಲ್ಲಿ ಬಂದದ್ದು. ಬಾಲು ಪೂರ್ತಿ ಗೆರೆ ದಾಟಿದ ಕೂಡಲೇ ರೆಫ್ರಿಯ ವಾಚು ಕಂಪಿಸುತ್ತದೆ. ಅದರ ಬಗ್ಗೆ ಈಗ ಯಾರೂ ಜಗಳ ಮಾಡುವುದು ನಾನು ಕೇಳಿಲ್ಲ.

ಆಫ್‌ಸೈಡ್ ಕೂಡ ಗೆರೆಯ ಲೆಕ್ಕವೇ, ಆದರೆ ಅಳತೆ ಮಾಡುವ ಕೋಲು ಎಷ್ಟು ಸರಿ ಉಂಟು ಅನ್ನುವುದು ಪ್ರಶ್ನೆ. ಸಾಮಾನ್ಯ ಟಿವಿ ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 8 ಮೀಟರ್ ಓಡುವ ಆಟಗಾರ ಒಂದು ಚಿತ್ರದಿಂದ ಇನ್ನೊಂದಕ್ಕೆ 16 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಪಾಸ್ ಕೊಟ್ಟವನ ಬೂಟಿಗೆ ಬಾಲು ತಾಗಿದ್ದು ಯಾವ ಚಿತ್ರದಲ್ಲಿ ಅಂತ ಕೈಯಲ್ಲಿ ಆರಿಸಿ, ಆಮೇಲೆ ಪರದೆ ಮೇಲೆ ಗೆರೆ ಎಳೆದು, ಎರಡು ಸೆಂಟಿಮೀಟರ್ ಆಫ್‌ಸೈಡ್ ಅಂದರೆ ಅದು ಅಳತೆಯಲ್ಲ, ಅಂದಾಜು. 2022ರಲ್ಲಿ ತಂದ ಹೊಸ ವ್ಯವಸ್ಥೆಯಲ್ಲಿ ಛಾವಣಿಯ 12 ಕ್ಯಾಮೆರಾಗಳು ಒಬ್ಬೊಬ್ಬ ಆಟಗಾರನ ಮೈಯ 29 ಬಿಂದುಗಳನ್ನು ಹಿಂಬಾಲಿಸುತ್ತವೆ, ಒದ್ದ ಕ್ಷಣವನ್ನು ಬಾಲೇ ಹೇಳುತ್ತದೆ. ಇದು ಎಷ್ಟೋ ವಾಸಿ. ಆದರೂ ಹೆಬ್ಬೆರಳಿನಷ್ಟು ಮುಂದಿದ್ದವನಿಗೆ ಏನು ಲಾಭ ಆಯಿತು ಅನ್ನುವ ನಿಮ್ಮ ಪ್ರಶ್ನೆಗೆ ಕ್ಯಾಮೆರಾ ಉತ್ತರ ಕೊಡುವುದಿಲ್ಲ. ಅದು ನಿಯಮ ಬರೆಯುವವರು ತೀರ್ಮಾನಿಸಬೇಕಾದ್ದು.

ಇನ್ನು ಕನೆಹಲಗೆ ಭಾಗ. 2018ರ ವರ್ಲ್ಡ್ ಕಪ್ ಫೈನಲ್, ಫ್ರಾನ್ಸ್–ಕ್ರೊಯೇಷಿಯಾ, ಕ್ರೊಯೇಷಿಯಾದ ಪೆರಿಸಿಚ್ ಕೈಗೆ ಬಾಲು ತಾಗಿತು. ರೆಫ್ರಿ ಟಿವಿ ಹತ್ರ ಹೋದರು, ನೋಡಿದರು, ಹೊರಟರು, ಅನುಮಾನ ಬಂದು ಮತ್ತೆ ತಿರುಗಿ ಹೋಗಿ ನೋಡಿದರು, ಕೊನೆಗೆ ಪೆನಾಲ್ಟಿ ಕೊಟ್ಟರು. ನೋಡಿದವರೇ ಎರಡನೇ ಸಲ ನೋಡಬೇಕಾಯಿತು ಅಂದರೆ ಅದು ಯಾರಿಗೂ ಕಾಣುವಂಥ ತಪ್ಪಾ? ವಿಎಆರ್ ನಿಯಮ ಬರೆದಾಗ ಸ್ಪಷ್ಟವಾದ, ಎದ್ದು ಕಾಣುವ ತಪ್ಪಿದ್ದರೆ ಮಾತ್ರ ಕೈ ಹಾಕಿ ಅಂದಿದ್ದರು. ಗೋಲ್, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡು ಕೊಟ್ಟದ್ದು, ಈ ನಾಲ್ಕಕ್ಕೇ ಅಂತಲೂ ಅಂದಿದ್ದರು. ನಿಧಾನ ಗತಿಯಲ್ಲಿ ಹತ್ತು ಸಲ ತೋರಿಸಿದರೆ ಭುಜ ತಟ್ಟಿದ್ದೂ ಹೊಡೆದ ಹಾಗೆ ಕಾಣುತ್ತದೆ. ನನ್ನ ಕೇಳಿದರೆ, ಇಂಥ ವಿಷಯಕ್ಕೆ ಒಂದು ಸಲ, ಮಾಮೂಲಿ ವೇಗದಲ್ಲಿ ನೋಡಲಿ. ಗೊತ್ತಾಗದಿದ್ದರೆ ರೆಫ್ರಿ ಮೊದಲು ಹೇಳಿದ್ದೇ ಇರಲಿ. ನೀವು ಧೈರ್ಯವಾಗಿ ಬೊಬ್ಬೆ ಹೊಡೆಯಿರಿ.

ಪ್ರಶ್ನೆ: ಇಷ್ಟೆಲ್ಲ ಕ್ಯಾಮೆರಾ ಇಟ್ಟ ಮೇಲೂ ತಪ್ಪು ಹೇಗೆ ಆಗುತ್ತದೆ?
— ಕಾರ್ಕಳದ ಓದುಗರು

ಉತ್ತರ: ನೋಡುವವರು ಮನುಷ್ಯರೇ ಅಲ್ವಾ. 2023ರ ಸೆಪ್ಟೆಂಬರ್ 30, ಇಂಗ್ಲೆಂಡಿನ ಲೀಗಿನಲ್ಲಿ ಟಾಟನ್‌ಹ್ಯಾಮ್–ಲಿವರ್‌ಪೂಲ್. ಲಿವರ್‌ಪೂಲಿನ ಲೂಯಿಸ್ ದಿಯಾಸ್ ಗೋಲ್ ಹೊಡೆದ, ಲೈನ್ಸ್‌ಮನ್ ಆಫ್‌ಸೈಡ್ ಅಂತ ಬಾವುಟ ಎತ್ತಿದ. ವಿಎಆರ್ ಕೋಣೆಯವರು ನೋಡಿದರು, ಆಫ್‌ಸೈಡ್ ಇಲ್ಲ, ಗೋಲ್ ಸರಿ ಇದೆ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಮೈದಾನದಲ್ಲಿ ರೆಫ್ರಿ ಗೋಲ್ ಕೊಟ್ಟಿದ್ದಾರೆ ಅಂತ ಅವರು ತಪ್ಪು ತಿಳಿದುಕೊಂಡು, ಪರೀಕ್ಷೆ ಮುಗಿಯಿತು ಅಂದುಬಿಟ್ಟರು. ರೆಫ್ರಿಗೆ ಅದು ಆಫ್‌ಸೈಡ್ ಸರಿ ಅಂದ ಹಾಗೆ ಕೇಳಿಸಿತು. ಆಟ ಶುರುವಾಯಿತು. ಕೋಣೆಯಲ್ಲಿದ್ದವರಿಗೆ ಆಮೇಲೆ ಗೊತ್ತಾದರೂ, ಆಟ ಮತ್ತೆ ಶುರುವಾದ ಮೇಲೆ ಹಿಂದೆ ಹೋಗಲಿಕ್ಕೆ ನಿಯಮ ಬಿಡಲಿಲ್ಲ. ಲಿವರ್‌ಪೂಲ್ 2–1ಕ್ಕೆ ಸೋತಿತು. ಕ್ಯಾಮೆರಾ ಸತ್ಯವನ್ನೇ ತೋರಿಸಿತ್ತು ನೋಡಿ, ಹಾಳಾದದ್ದು ಫೋನಿನಲ್ಲಿ ಆಡಿದ ಎರಡು ಮಾತಿನಿಂದ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಆಗುವ ಸಂಗತಿ, ಮೀನು ತರುವ ವಿಷಯದಲ್ಲಿ.

ಪ್ರಶ್ನೆ: 1986ರಲ್ಲಿ ವಿಎಆರ್ ಇದ್ದಿದ್ದರೆ ಮರಡೋನಾ?
— ಸುರತ್ಕಲ್‌ನಿಂದ

ಉತ್ತರ: ಆ ವರ್ಲ್ಡ್ ಕಪ್‌ನಲ್ಲಿ ಇಂಗ್ಲೆಂಡ್ ಎದುರು ಕೈಯಲ್ಲಿ ಹೊಡೆದದ್ದು ರದ್ದಾಗುತ್ತಿತ್ತು. ನಾಲ್ಕು ನಿಮಿಷದ ನಂತರ ಅರ್ಧ ಮೈದಾನ ಓಡಿ ಹೊಡೆದ ಗೋಲ್ ಉಳಿಯುತ್ತಿತ್ತು. ಮರಡೋನಾಗೆ ಅಷ್ಟು ಸಾಕಿತ್ತು.

ಪ್ರಶ್ನೆ: ಕ್ರಿಕೆಟಿನ ಡಿಆರ್‌ಎಸ್ ಹಾಗೆ ತಂಡಕ್ಕೆ ಎರಡು ರಿವ್ಯೂ ಕೊಟ್ಟು ಬಿಟ್ಟರೆ ಮುಗಿಯಿತಲ್ಲ, ಈ ಕೋಣೆ, ಹತ್ತು ಜನ ಎಲ್ಲ ಎಂತಕ್ಕೆ?
— ಕುಂದಾಪುರದ ಕ್ರಿಕೆಟ್ ಪ್ರೇಮಿ

ಉತ್ತರ: ನಿಮ್ಮ ಹಾಗೆ ಯೋಚನೆ ಮಾಡಿದವರು ಫಿಫಾದಲ್ಲೂ ಇದ್ದಾರೆ. ಫುಟ್ಬಾಲ್ ವಿಡಿಯೊ ಸಪೋರ್ಟ್ ಅಂತ ಒಂದು ಅಗ್ಗದ ವ್ಯವಸ್ಥೆಯನ್ನು 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಹುಡುಗಿಯರ ವರ್ಲ್ಡ್ ಕಪ್‌ನಲ್ಲಿ ಪ್ರಯೋಗ ಮಾಡಿದ್ದಾರೆ. ಕೋಚ್‌ಗೆ ಎರಡು ಅವಕಾಶ. ಕೇಳಿದ್ದು ಸರಿಯಾದರೆ ಅದು ಉಳಿಯುತ್ತದೆ, ತಪ್ಪಾದರೆ ಹೋಯಿತು. ಪ್ರತ್ಯೇಕ ವಿಎಆರ್ ರೆಫ್ರಿ ಇಲ್ಲ, ಮೈದಾನದ ರೆಫ್ರಿಯೇ ಬದಿಯ ಟಿವಿಯಲ್ಲಿ ನೋಡುತ್ತಾರೆ. ಹಣ ಕಡಿಮೆ ಇರುವ ಲೀಗುಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಕ್ರಿಕೆಟಿನಲ್ಲಿ ಬಾಲಿಗೊಮ್ಮೆ ಆಟ ತಾನಾಗೇ ನಿಲ್ಲುತ್ತದೆ, ಫುಟ್ಬಾಲಿನಲ್ಲಿ ನಿಲ್ಲುವುದಿಲ್ಲ, ಆ ತೊಂದರೆ ಇದ್ದೇ ಇದೆ. ಆದರೂ ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2014ರಿಂದ 2024–25ರ ಸೀಸನ್ ತನಕ ಯಾವ ವಿಡಿಯೊನೂ ಇಲ್ಲದೆ ನಡೆದದ್ದು ನೋಡಿದರೆ, ದುಬಾರಿ ಊಟ ಸಿಗುವ ತನಕ ಉಪವಾಸ ಕೂರುವುದಕ್ಕಿಂತ ಗಂಜಿ ಚಟ್ನಿ ವಾಸಿ.

ಪ್ರಶ್ನೆ: ನಾನು ಕೇರಳ ಬ್ಲಾಸ್ಟರ್ಸ್ ಅಭಿಮಾನಿ. 2023ರಲ್ಲಿ ಬೆಂಗಳೂರಿನಲ್ಲಿ ಛೆಟ್ರಿ ಹೊಡೆದ ಫ್ರೀ ಕಿಕ್ಕಿಗೆ ವಿಎಆರ್ ಇದ್ದಿದ್ದರೆ ನಮಗೆ ನ್ಯಾಯ ಸಿಗುತ್ತಿತ್ತು ತಾನೇ?
— ದೇರಳಕಟ್ಟೆ

ಉತ್ತರ: ಬೇಜಾರು ಮಾಡಬೇಡಿ, ನನಗೆ ಹಾಗೆ ಅನಿಸುವುದಿಲ್ಲ. ಮಾರ್ಚ್ 3ರ ಆ ರಾತ್ರಿ ಕಂಠೀರವದಲ್ಲಿ ಬಾಲು ಗೆರೆ ದಾಟಿದ್ದರ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ನಿಮ್ಮವರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಹೊಡೆಯಲಿಕ್ಕೆ ರೆಫ್ರಿ ಒಪ್ಪಿದ್ದರಾ ಇಲ್ಲವಾ ಅನ್ನುವುದು ತಕರಾರು. ಬೇಗ ಹೊಡೆಯುವ ಫ್ರೀ ಕಿಕ್ಕಿಗೆ ಸೀಟಿ ಬೇಕೆಂದಿಲ್ಲ. ರೆಫ್ರಿ ತಲೆಯೊಳಗೆ ಇದ್ದದ್ದನ್ನು ಯಾವ ಕ್ಯಾಮೆರಾ ತೆಗೆಯುತ್ತದೆ? ಮೈದಾನ ಬಿಟ್ಟು ಹೋದದ್ದಕ್ಕೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತಲ್ಲ, ಅದು ಮಾತ್ರ ನನಗೂ ಜಾಸ್ತಿ ಆಯಿತು ಅನಿಸಿದೆ.

ಪ್ರಶ್ನೆ: ಮಳೆಗಾಲದಲ್ಲಿ ಸಣ್ಣ ಟೂರ್ನಮೆಂಟುಗಳಿಗೆ ರೆಫ್ರಿ ಆಗಿ ಹೋಗುತ್ತೇನೆ. ಈಗ ಏನಾದರೂ ತೀರ್ಪು ಕೊಟ್ಟರೆ ಜನ ಮೊಬೈಲ್ ಹಿಡಿದುಕೊಂಡು ಮೈದಾನಕ್ಕೇ ನುಗ್ಗುತ್ತಾರೆ, ‘ಇಕೊಳ್ಳಿ, ನೋಡಿ’ ಅನ್ನುತ್ತಾರೆ. ನೋಡಬೇಕಾ?
— ಬಂದರ್, ಮಂಗಳೂರು

ಉತ್ತರ: ನೋಡಲೇಬೇಡಿ. ಹೇಳುತ್ತೇನೆ ಯಾಕೆ ಅಂತ.

ನೆಹರೂ ಮೈದಾನದಲ್ಲಿ ಒಂದು ಜುಲೈ ತಿಂಗಳು ನಾನೂ ಲೈನ್ಸ್‌ಮನ್ ಆಗಿ ನಿಂತಿದ್ದೆ, ಬರಬೇಕಾದವರು ಬಂದಿರಲಿಲ್ಲ ಅಂತ ನನ್ನ ಕೈಗೆ ಬಾವುಟ ಕೊಟ್ಟಿದ್ದರು. ಬೆಳಿಗ್ಗೆ ಹಾಕಿದ ಸುಣ್ಣದ ಗೆರೆ ಹನ್ನೊಂದು ಗಂಟೆಯ ಮಳೆಗೆ ತೊಳೆದು ಹೋಗಿ, ಗೋಲ್ ಮುಂದೆ ಮೊಣಕಾಲು ಕೆಳಗಿನ ತನಕ ಕೆಸರು. ಬಾಲು ಆ ಕೆಸರಿನಲ್ಲಿ ಹೂತು ನಿಂತಿತು. ದಾಟಿತಾ ಇಲ್ಲವಾ? ದಾಟಲಿಕ್ಕೆ ಗೆರೆಯೇ ಇರಲಿಲ್ಲ. ನಾನು ಎರಡು ಕಂಬಗಳನ್ನು ನೋಡಿ ಮನಸ್ಸಿನಲ್ಲೇ ಒಂದು ದಾರ ಕಟ್ಟಿ ಇಲ್ಲ ಅಂದೆ. ಆ ತಂಡದ ಒಬ್ಬರು ಈಗಲೂ ಮಾರ್ಕೆಟಿನಲ್ಲಿ ಸಿಕ್ಕಿದರೆ ‘ಹೋ, ಗೆರೆ ಅಳಿಸಿದವರು’ ಅಂತಲೇ ಮಾತಾಡಿಸುತ್ತಾರೆ. ಅವತ್ತು ಯಾರದ್ದಾದರೂ ಮೊಬೈಲ್ ನೋಡಿದ್ದರೂ ಕಂಡದ್ದು ಕೆಸರೇ.

ಇನ್ನೊಂದು, ಓರೆಯಿಂದ ತೆಗೆದ ವಿಡಿಯೊ ಸುಳ್ಳು ಹೇಳುತ್ತದೆ. 2022ರ ವರ್ಲ್ಡ್ ಕಪ್‌ನ ಜಪಾನ್–ಸ್ಪೇನ್ ಪಂದ್ಯದಲ್ಲಿ ಜಪಾನಿನ ಮಿತೊಮಾ ಗೋಲ್‌ಗೆರೆಯಿಂದ ಬಾಲನ್ನು ಹಿಂದಕ್ಕೆ ತಳ್ಳಿದ್ದು ನೆನಪಿದೆಯಾ? ಬದಿಯಿಂದ ನೋಡಿದರೆ ಬಾಲಿಗೂ ಗೆರೆಗೂ ನಡುವೆ ಹುಲ್ಲು ಕಾಣುತ್ತಿತ್ತು, ಹೊರಗೆ ಹೋದದ್ದೇ ಅಂತ ನಾನೂ ಅಂದಿದ್ದೆ. ಸರಿಯಾಗಿ ಮೇಲಿನಿಂದ ತೆಗೆದ ಚಿತ್ರದಲ್ಲಿ ಬಾಲಿನ ಅಂಚು ಗೆರೆಯ ಮೇಲೆ ಇನ್ನೂ ಇತ್ತು. ಗೋಲ್ ಉಳಿಯಿತು, ಜಪಾನ್ ಗೆದ್ದಿತು, ಆ ಒಂದು ಅಂಚಿನಿಂದ ಅದೇ ಗುಂಪಿನಲ್ಲಿದ್ದ ಜರ್ಮನಿ ಊರಿಗೆ ಹೋಯಿತು. ಅಷ್ಟು ದೊಡ್ಡ ಕ್ಯಾಮೆರಾಗಳೇ ಕೋನ ತಪ್ಪಿದರೆ ಹೀಗೆ, ಇನ್ನು ಗೋಲಿನ ಹಿಂದೆ ಕೊಡೆ ಹಿಡಿದು ನಿಂತ ಮಾವನ ಮೊಬೈಲ್ ಏನು ತೋರಿಸೀತು? ಅವನು ತನ್ನ ತಂಡಕ್ಕೆ ಅನುಕೂಲ ಆದದ್ದನ್ನು ಮಾತ್ರ ತೋರಿಸುತ್ತಾನೆ, ಉಳಿದದ್ದು ‘ರೆಕಾರ್ಡ್ ಆಗಲಿಲ್ಲ’.

ಟಾಸಿಗೆ ಮೊದಲೇ ಇಬ್ಬರು ಕ್ಯಾಪ್ಟನ್ನುಗಳನ್ನೂ ಕರೆದು ಮೊಬೈಲ್ ನೋಡುವುದಿಲ್ಲ ಅಂತ ಹೇಳಿಬಿಡಿ, ಮೈಕಿನಲ್ಲೂ ಹೇಳಿಸಿ. ಗೋಲ್‌ಗೆರೆಗೆ ಒಬ್ಬೊಬ್ಬರನ್ನು ನಿಲ್ಲಿಸಿ, ಆ ಎರಡು ತಂಡಕ್ಕೆ ಸೇರದವರನ್ನು. ಮತ್ತೆ ಗೋಲಿನ ಬಲೆ ನೋಡಿ ಮಾರಾಯ್ರೆ. 2013ರಲ್ಲಿ ಜರ್ಮನಿಯ ದೊಡ್ಡ ಲೀಗಿನಲ್ಲೇ ಕೀಸ್ಲಿಂಗ್ ಹೆಡ್ ಮಾಡಿದ ಬಾಲು ಬದಿಯ ಬಲೆಯ ತೂತಿನಿಂದ ಒಳಗೆ ಹೋಗಿ ಗೋಲ್ ಅಂತ ಲೆಕ್ಕ ಆಯಿತು. ನಮ್ಮ ಕಡೆ ಬಲೆ ನೇಯುವವರಿಗೇನು ಕಡಿಮೆಯಾ, ಬಂದರಿನಲ್ಲೇ ಇದ್ದೀರಿ, ಯಾರನ್ನಾದರೂ ಕರೆದರೆ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹೊಲಿದು ಕೊಡುತ್ತಾರೆ.

ಪ್ರಶ್ನೆ: ವಿಎಆರ್ ಬೇಡ ಅಂತ ಯಾವುದೋ ದೇಶದಲ್ಲಿ ಮೈದಾನಕ್ಕೆ ಮೀನು ಬಿಸಾಡಿದರಂತೆ, ಹೌದಾ?
— ಮಲ್ಪೆ

ಉತ್ತರ: ನಾರ್ವೆಯಲ್ಲಿ, 2024ರ ಜುಲೈ, ರೋಸೆನ್‌ಬೋರ್ಗ್–ಲಿಲ್ಲೆಸ್ಟ್ರೋಮ್ ಪಂದ್ಯ. ಬಿಸಾಡಿದ್ದು ಹಸಿ ಮೀನಲ್ಲ, ಮೀನಿನ ವಡೆ. ಜೊತೆಗೆ ಟೆನಿಸ್ ಬಾಲೂ ಬಂತು. ಕೊನೆಗೆ ಪಂದ್ಯವನ್ನೇ ನಿಲ್ಲಿಸಿದರು. ಪಕ್ಕದ ಸ್ವೀಡನ್‌ನಲ್ಲಿ ಕ್ಲಬ್ಬುಗಳ ಮೇಲೆ ಸದಸ್ಯರಿಗೇ ಹಿಡಿತ ಇರುವುದರಿಂದ ಅವರು ಮತ ಹಾಕಿಯೇ ವಿಎಆರ್ ಬರದಂತೆ ತಡೆದರು. ನಾರ್ವೆಯಲ್ಲಿ ಇಷ್ಟೆಲ್ಲ ಆದ ಮೇಲೂ 2025ರ ಸಭೆಯಲ್ಲಿ ವಿಎಆರ್ ಇರಲಿ ಅನ್ನುವವರೇ ಗೆದ್ದರು. ವಡೆ ದಂಡ. ಮಲ್ಪೆಯಲ್ಲಿ ಯಾರೂ ಈ ಕೆಲಸ ಮಾಡಲಿಕ್ಕಿಲ್ಲ, ಈಗಿನ ಅಂಜಲ್ ಮೀನಿನ ರೇಟಿನಲ್ಲಂತೂ.