ಕರಗಿದ ಜೆಲ್ ಪ್ಯಾಕ್‌ಗಿಂತ ಮೊದಲು ಕೇಳಬೇಕಾದದ್ದು

ಓದುಗರ ಪತ್ರ: ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿಯಿದ್ದ ಸೆಮಾಗ್ಲುಟೈಡ್ (ಮಧುಮೇಹಕ್ಕೆ, ತೂಕ ಇಳಿಸಲು ಚುಚ್ಚಿಕೊಳ್ಳುವ ಔಷಧ) ಪುಡಿಯ ಐದು ಸೀಸೆ ತರಿಸಿದೆ. ಪಾರ್ಸೆಲ್ ಒಂಬತ್ತು ದಿನ ದಾರಿಯಲ್ಲಿತ್ತು. ಜೆಲ್ ಪ್ಯಾಕ್ ಬೆಚ್ಚಗಾಗಿತ್ತು. ಒಂದು ಸೀಸೆಯಲ್ಲಿ ಪುಡಿ ಕುಗ್ಗಿ ಗಾಜಿಗೆ ಅಂಟಿದೆ. ‘ಶುದ್ಧತೆ ಶೇ 99, ಒಣ ಪುಡಿಗೆ ಏನೂ ಆಗದು’ ಎನ್ನುತ್ತಾರೆ ಮಾರಿದವರು. ಬಳಸಬಹುದೇ?

ಉತ್ತರ: ಬಳಸಬೇಡಿ. ಆದರೆ ಅದಕ್ಕೆ ಜೆಲ್ ಪ್ಯಾಕ್ ಕಾರಣವಲ್ಲ.

ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಒಂದೆರಡು ಜೆಲ್ ಪ್ಯಾಕ್ ಇಟ್ಟರೆ ತಂಪು ನಿಲ್ಲುವುದು ಒಂದು ದಿನ, ಹೆಚ್ಚೆಂದರೆ ಎರಡು. ಒಂಬತ್ತು ದಿನದ ದಾರಿಗೆ ಅದನ್ನು ಇಡುವುದು ಗಿರಾಕಿಯ ಸಮಾಧಾನಕ್ಕಷ್ಟೆ. ಚೆನ್ನಾಗಿ ಒಣಗಿಸಿ ಬಿಗಿಯಾಗಿ ಮುಚ್ಚಿದ ಪುಡಿ ಕೆಲವು ದಿನಗಳ ಬಿಸಿಯನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಮಾರಿದವರ ಮಾತಿನಲ್ಲಿ ಅಷ್ಟು ನಿಜವಿದೆ.

ಕೇಳಬೇಕಾದದ್ದು ಅದಕ್ಕೂ ಹಿಂದಿನ ತಿಂಗಳುಗಳ ಬಗ್ಗೆ. ಉಷ್ಣತೆ 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಒರಟು ಲೆಕ್ಕ ಹಿಡಿಯಿರಿ. ಮೈನಸ್ 20ರಿಂದ 30 ಡಿಗ್ರಿಗೆ ಐದು ಮೆಟ್ಟಿಲು, ಅಂದರೆ 32 ಪಟ್ಟು. ಗೋದಾಮಿನ ಕಪಾಟಿನಲ್ಲಿ ಕಳೆದ ಒಂದು ತಿಂಗಳು ಫ್ರೀಜರ್‌ನ 32 ತಿಂಗಳಿಗೆ, ಅಂದರೆ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲಕ್ಕೆ ಸಮ. ಪುಡಿ ತುಂಬಿದ್ದು ಯಾವಾಗ, ಆಮೇಲೆ ಎಲ್ಲಿತ್ತು ಎಂಬ ದಾಖಲೆ ಈ ವ್ಯಾಪಾರದಲ್ಲಿ ಸಿಗುವುದೇ ಅಪರೂಪ.

ಇನ್ನು ಆ ಕುಗ್ಗಿದ ಸೀಸೆ. ಪುಡಿಯಲ್ಲಿ ತೇವ ಹೆಚ್ಚಿದಷ್ಟೂ ಅದು ಕಡಿಮೆ ಬಿಸಿಗೇ ಮೆದುವಾಗಿ ಕುಸಿಯುತ್ತದೆ. ತೇವ ಹೊರಗಿನಿಂದಲೇ ಬರಬೇಕೆಂದಿಲ್ಲ: ಹಬೆಯಲ್ಲಿ ಶುದ್ಧಗೊಳಿಸಿದ ರಬ್ಬರ್ ಮುಚ್ಚಳವನ್ನು ಸರಿಯಾಗಿ ಒಣಗಿಸದಿದ್ದರೆ ಅದೇ ತಿಂಗಳುಗಟ್ಟಲೆ ಪುಡಿಗೆ ನೀರು ಬಿಡುತ್ತದೆ. ಒಣಗಿಸುವಾಗಲೇ ಕುಸಿದಿರಲೂಬಹುದು. ಒಟ್ಟಿಗೆ ಬಂದ ಐದರಲ್ಲಿ ಒಂದು ಹೀಗಿದ್ದರೆ ತುಂಬುವ, ಮುಚ್ಚುವ ಕೆಲಸ ಹದದಲ್ಲಿಲ್ಲ ಎಂದೇ ಅರ್ಥ. ಹಾಗೆಂದು ಉಳಿದ ನಾಲ್ಕನ್ನು ನಂಬಬೇಡಿ. ಪುಡಿಗೆ ಗಾತ್ರ ಕೊಡುವ ಮ್ಯಾನಿಟಾಲ್ ಬೆರೆಸಿದ್ದರೆ ಒಳಗಿನ ಪೆಪ್ಟೈಡ್, ಅಂದರೆ ಔಷಧವೇ, ಕೆಟ್ಟರೂ ಪುಡಿ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಸೆಮಾಗ್ಲುಟೈಡ್‌ನಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಆಮ್ಲಜನಕಕ್ಕೆ ತುತ್ತಾಗುವುದು, ಅಣುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಕಣ್ಣಿಗೆ ಬೀಳುವ ಸಂಗತಿಗಳಲ್ಲ.

ಶೇ 99 ಎಂಬುದು ಒಂದು ದಿನ, ಒಂದು ಮಾದರಿಯ ಎಚ್‌ಪಿಎಲ್‌ಸಿ (ಘಟಕಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಅಂಕಿ, ಅದೂ ಸಾಗಣೆಗೆ ಮುಂಚಿನದು. ಸೀಸೆ ಕ್ರಿಮಿರಹಿತವೇ, ಬ್ಯಾಕ್ಟೀರಿಯಾದ ವಿಷವಾದ ಎಂಡೋಟಾಕ್ಸಿನ್ ಇದೆಯೇ ಎಂಬುದನ್ನು ಅದು ಹೇಳುವುದೇ ಇಲ್ಲ. ಎಂಡೋಟಾಕ್ಸಿನ್ ಫ್ರೀಜರ್‌ನಲ್ಲಿಟ್ಟರೂ ಹೋಗದು. ಓಜೆಂಪಿಕ್ ಪೆನ್ನನ್ನು (ಕಂಪನಿಯ ಸಿದ್ಧ ಸೆಮಾಗ್ಲುಟೈಡ್ ಚುಚ್ಚುಮದ್ದು) ಬಳಕೆ ಶುರುವಾದ ಮೇಲೆ 56 ದಿನ ಇಡಬಹುದು ಎಂಬ ಮಾತನ್ನೂ ಇಲ್ಲಿಗೆ ತರಬೇಡಿ. ಅದು ಆ ದ್ರಾವಣವನ್ನೇ ಪರೀಕ್ಷಿಸಿ ಕೊಟ್ಟ ಗಡುವು.

ಮಾರಿದವರನ್ನು ಕೇಳುವುದಾದರೆ ಕೇಳಿ: ಸೀಸೆಯ ಮೇಲಿನ ಲಾಟ್ ಸಂಖ್ಯೆಯದ್ದೇ ಪ್ರಮಾಣಪತ್ರ, ತುಂಬಿದ ದಿನಾಂಕ, ಕಾರ್ಲ್ ಫಿಷರ್ ತೇವಾಂಶ ಪರೀಕ್ಷೆ, ಕ್ರಿಮಿರಹಿತತೆ ಮತ್ತು ಎಂಡೋಟಾಕ್ಸಿನ್ ವರದಿ, ಡೇಟಾ ಲಾಗರ್‌ನ ಉಷ್ಣತೆ ದಾಖಲೆ. ಪ್ರಯೋಗಾಲಯಕ್ಕೆ ಕಳಿಸುವ ಯೋಚನೆಯಿದ್ದರೆ ಸೀಸೆ ತೆರೆಯದೆ, ತೇವ ಹೀರುವ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿ ಮೈನಸ್ 20ರಲ್ಲಿಡಿ. ತಾನಾಗಿ ಹಿಮ ಕರಗಿಸಿಕೊಳ್ಳುವ ಫ್ರೀಜರ್ ಬೇಡ, ಅದರೊಳಗಿನ ಉಷ್ಣತೆ ಏರಿಳಿಯುತ್ತಲೇ ಇರುತ್ತದೆ.

ಈಗಾಗಲೇ ಚುಚ್ಚಿಕೊಂಡಿದ್ದು ಜ್ವರ, ಚಳಿ ಅಥವಾ ಚುಚ್ಚಿದ ಜಾಗದಲ್ಲಿ ಕೆಂಪು, ಊತ ಇದ್ದರೆ ಇಂದೇ ವೈದ್ಯರನ್ನು ಕಾಣಿ. ಸೀಸೆಯನ್ನೂ ಜೊತೆಗೆ ಒಯ್ಯಿರಿ.

—ಸಂ.