ಓದುಗರ ಪ್ರಶ್ನೆ, ನಮ್ಮ ಉತ್ತರ: ಜಪಾನಿನ ಜೆ2 ಲೀಗ್, 2023

ಹೋದ ಸಂಚಿಕೆಲಿ ಜಪಾನಿನ ಎರಡನೇ ದರ್ಜೆ ಫುಟ್‌ಬಾಲ್ ಲೀಗ್ ಜೆ2 ಬಗ್ಗೆ ಸುಮ್ನೆ ಒಂದು ಮಾತು ಹಾಕಿದ್ದೆ, 2023ರಲ್ಲಿ 78 ಗೋಲ್ ಹೊಡೆದ ಟೀಮ್ ಒಂದು ಮೇಲಿನ ಲೀಗ್ ಜೆ1ಗೆ ಹೋಗೋಕಾಗದೆ ಅಲ್ಲೇ ಉಳೀತು ಅಂತ. ಅದಕ್ಕೆ ಬಂದ ಪ್ರಶ್ನೆಗಳೇ ಈ ಸಲ ಪೂರ್ತಿ ಪುಟ ತಿಂದಿವೆ. ಕ್ರಿಕೆಟ್ ಪ್ರಶ್ನೆ ಕಳ್ಸಿದೋರು ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಲ ನಿಮ್ದೇ.

ಪ್ರ: 78 ಗೋಲ್ ಹೊಡೆದೂ ಪ್ರಮೋಷನ್ ಸಿಗ್ಲಿಲ್ಲ ಅಂದ್ರೆ ಹೆಂಗೆ ಸರ್? ಯಾವ ಟೀಮ್ ಅದು? (ತುಮಕೂರು)

ಉ: ಶಿಮಿಜು ಎಸ್-ಪಲ್ಸ್. ಶಿಜುವೋಕಾ ಪ್ರಾಂತ್ಯದ್ದು, ಜಪಾನಲ್ಲಿ ಫುಟ್‌ಬಾಲ್ ಹುಚ್ಚು ಅಂದ್ರೆ ಮೊದ್ಲು ಹೇಳೋದೇ ಆ ಪ್ರಾಂತ್ಯದ ಹೆಸರು. ಇವ್ರು 2022ರಲ್ಲಿ ಜೆ1ನಿಂದ ಕೆಳಗೆ ಬಿದ್ರು, ಅದೂ ಎಂಥ ವಿಚಿತ್ರ ನೋಡಿ, ಆ ವರ್ಷ ಇಡೀ ಜೆ1ನಲ್ಲಿ ಅತಿ ಹೆಚ್ಚು ಗೋಲ್ ಹೊಡೆದ ಥಿಯಾಗೊ ಸಂಟಾನ ಇವರ ಟೀಮಿನೋನೇ. ಗೋಲ್‌ಕೀಪರ್ ಶುಯಿಚಿ ಗೊಂಡಾ ಅದೇ ವರ್ಷ ವರ್ಲ್ಡ್‌ಕಪ್ಪಲ್ಲಿ ಜಪಾನ್ ಪರ ನಿಂತಿದ್ದೋನು. ಇಂಥ ಟೀಮ್ ಜೆ2ಗೆ ಬಂದ್ರೆ ಎಲ್ರನ್ನೂ ಹೊಡೆದು ಹಾಕಿ ವಾಪಸ್ ಹೋಗತ್ತೆ ಅಂತ ತಾನೇ ಅನ್ಕೋತೀವಿ? ಮೊದಲ ಏಳು ಮ್ಯಾಚಲ್ಲಿ ಒಂದೂ ಗೆಲ್ಲಲಿಲ್ಲ! ಬ್ರೆಜಿಲ್ ಕೋಚ್ ಜೆ ರಿಕಾರ್ಡೊ ಅವರನ್ನ ಏಪ್ರಿಲಲ್ಲೇ ಮನೆಗೆ ಕಳಿಸಿ ತದಾಹಿರೋ ಅಕಿಬಾನ ತಂದ್ರು, ಆಮೇಲೆ ಗಾಡಿ ಓಡ್ತು, ಇವಾಕಿ ಎಫ್‌ಸಿ ಮೇಲೆ ಅವರ ಊರಲ್ಲೇ 9-1.

ಲೆಕ್ಕ ಇಷ್ಟೇ. ಆ ವರ್ಷ 22 ಟೀಮ್, ಒಬ್ಬೊಬ್ರಿಗೆ 42 ಮ್ಯಾಚ್, ಮೊದಲ ಎರಡು ಟೀಮ್ ಸೀದಾ ಜೆ1ಗೆ, 3ರಿಂದ 6ನೇ ಸ್ಥಾನದೋರಿಗೆ ಪ್ಲೇಆಫ್, ಅದ್ರಲ್ಲಿ ಒಬ್ರಿಗೆ ಮಾತ್ರ ಚಾನ್ಸು. ನವೆಂಬರ್ 12, ಕೊನೇ ದಿನ, ಶಿಮಿಜು 73 ಪಾಯಿಂಟ್ ಇಟ್ಕೊಂಡು ಎರಡನೇ ಸ್ಥಾನದಲ್ಲಿ, ಹಿಂದೆ ಜುಬಿಲೋ ಇವಾಟಾ ಮತ್ತು ಟೋಕಿಯೋ ವರ್ಡಿ ತಲಾ 72. ಗೆದ್ರೆ ಮುಗೀತು, ಯಾರ ಸ್ಕೋರೂ ನೋಡೋದು ಬೇಡ. ಮಿತೋ ಹಾಲಿಹಾಕ್ ಜೊತೆ 1-1 ಡ್ರಾ ಆಯ್ತು. ಅತ್ಲಾಗೆ ಇವಾಟಾ 2-1ರಲ್ಲಿ, ವರ್ಡಿ 2-0ರಲ್ಲಿ ಗೆದ್ದುಬಿಟ್ರು, ಶಿಮಿಜು ಎರಡರಿಂದ ಸೀದಾ ನಾಲ್ಕಕ್ಕೆ. ಇವರ ಗೋಲ್ ವ್ಯತ್ಯಾಸ (ಹೊಡೆದ ಗೋಲಲ್ಲಿ ಹೊಡೆಸ್ಕೊಂಡಿದ್ದು ಕಳೆದ್ರೆ ಉಳಿಯೋದು) ಆ ಇಬ್ರಿಗಿಂತ ಎಷ್ಟೋ ಚೆನ್ನಾಗಿತ್ತು, ಅಂದ್ರೆ ಪಾಯಿಂಟ್ ಸಮ ಆಗಿದ್ರೂ ಇವ್ರೇ ಮೇಲೆ. ಒಂದೇ ಒಂದು ಪಾಯಿಂಟ್ ಸ್ವಾಮಿ. ಎಂಟು ಮ್ಯಾಚ್ ಸೋತಿದ್ರಲ್ಲ, ಅದ್ರಲ್ಲಿ ಒಂದನ್ನ ಹೆಂಗೋ ಡ್ರಾ ಮಾಡ್ಕೊಂಡಿದ್ರೂ ಸಾಕಿತ್ತು. ಆ 9-1ರಲ್ಲಿ ಉಳಿದ ಗೋಲನ್ನ ಬೇರೆ ಮ್ಯಾಚಿಗೆ ಹಂಚೋಕೆ ಬರಲ್ವಲ್ಲ.

ಪ್ರ: ಪ್ಲೇಆಫಲ್ಲಿ ಡ್ರಾ ಆದ್ರೆ ಟೇಬಲಲ್ಲಿ ಮೇಲಿದ್ದವರೇ ಗೆದ್ದ ಹಾಗೆ ಅಂತ ಕೇಳಿದೆ. ಇದೆಂಥ ನ್ಯಾಯ ಮಾರಾಯ್ರೆ, ಎಕ್ಸ್‌ಟ್ರಾ ಟೈಮ್ ಇಲ್ವಾ, ಪೆನಾಲ್ಟಿ ಶೂಟೌಟ್ ಇಲ್ವಾ? (ಮಂಗಳೂರು)

ಉ: ಎರಡೂ ಇರ್ಲಿಲ್ಲ, ಮತ್ತೆ ನಂಗೆ ಅದೇ ಸರಿ ಅನ್ಸತ್ತೆ. 42 ಮ್ಯಾಚ್ ಆಡಿ ಗಳಿಸಿದ ಸ್ಥಾನಕ್ಕೆ ಏನಾದ್ರೂ ಬೆಲೆ ಬೇಡ್ವಾ? ಈ ರೂಲು ಶಿಮಿಜುಗೂ ಹೆಲ್ಪ್ ಮಾಡಿತ್ತು ಅನ್ನೋದು ಮರೀಬೇಡಿ, ಸೆಮಿಫೈನಲಲ್ಲಿ ಮೊಂಟೆಡಿಯೋ ಯಮಗಾತಾ ಜೊತೆ 0-0, ಮೇಲಿನ ಸ್ಥಾನ ಅಂತ ಇವ್ರು ಫೈನಲ್‌ಗೆ ಹೋದ್ರು. ಫೈನಲಲ್ಲಿ ಸಿಕ್ಕಿದ್ದು ಮೂರನೇ ಸ್ಥಾನದ ವರ್ಡಿ, ಈಗ ಡ್ರಾ ಆದ್ರೆ ವರ್ಡಿ ಪಾಲು.

ಡಿಸೆಂಬರ್ 2, ಟೋಕಿಯೋದ ನ್ಯಾಷನಲ್ ಸ್ಟೇಡಿಯಂ, 53,264 ಜನ. ಎರಡನೇ ದರ್ಜೆ ಲೀಗಿನ ಮ್ಯಾಚಿಗೆ! 63ನೇ ನಿಮಿಷದಲ್ಲಿ ವರ್ಡಿ ಕ್ಯಾಪ್ಟನ್ ಕೈಗೆ ಬಾಲ್ ತಾಗಿ ಪೆನಾಲ್ಟಿ, ಸಂಟಾನ ಹೊಡೆದ, 1-0. 90 ನಿಮಿಷ ಮುಗೀತು, ಇಂಜುರಿ ಟೈಮೂ ಮುಗೀತಾ ಬಂತು, ಅಷ್ಟೊತ್ತಿಗೆ ಶಿಮಿಜು ಡಿಫೆಂಡರ್ ಬಾಕ್ಸ್ ಒಳಗೆ ಇತ್ಸುಕಿ ಸೊಮೆನೊನ ಬೀಳಿಸಿದ, ಪೆನಾಲ್ಟಿ. ಸೊಮೆನೊ ಆಗ ಕಾಶಿಮಾ ಆಂಟ್ಲರ್ಸ್ ಕ್ಲಬ್ಬಿಂದ ಲೋನಲ್ಲಿ, ಅಂದ್ರೆ ಎರವಲಾಗಿ, ಬಂದಿದ್ದ ಹುಡುಗ, ಎದುರಿಗೆ ನಿಂತಿರೋದು ವರ್ಲ್ಡ್‌ಕಪ್ ಗೋಲ್‌ಕೀಪರ್ ಗೊಂಡಾ. 90+6, ಗೋಲ್, 1-1, ವರ್ಡಿ 16 ವರ್ಷದ ಮೇಲೆ ಜೆ1ಗೆ ವಾಪಸ್. ಈ ವರ್ಡಿ ಯಾರು ಅಂದ್ರೆ 1993ರಲ್ಲಿ ಜೆ.ಲೀಗ್ ಶುರುವಾದಾಗ ಮೊದಲ ಎರಡೂ ವರ್ಷ ಚಾಂಪಿಯನ್ ಆದೋರು, ಜಪಾನಿನ ದೊಡ್ಡ ಸ್ಟಾರ್ ಕಝು ಮಿಯುರಾ ಇದ್ದ ಕಾಲ.

ಇನ್ನೊಂದು, ಡ್ರಾ ಸಾಕು ಅಂದ್ಕೊಂಡು ಕೂತೋರು ಕೆಟ್ಟಿದ್ದೂ ಉಂಟು. 2014ರ ಸೆಮಿಫೈನಲಲ್ಲಿ ಇವಾಟಾಗೆ ಡ್ರಾ ಸಾಕಿತ್ತು, 1-1 ಇತ್ತು, ಇಂಜುರಿ ಟೈಮಲ್ಲಿ ಯಮಗಾತಾಗೆ ಕಾರ್ನರ್ ಸಿಕ್ತು, ಅವರ ಗೋಲ್‌ಕೀಪರ್ ನೊರಿಹಿರೊ ಯಮಗಿಶಿ ಗೋಲ್ ಬಿಟ್ಟು ಓಡಿ ಬಂದು ಹೆಡ್ ಮಾಡಿ ಗೋಲ್ ಹಾಕ್ಬಿಟ್ಟ. ಯಮಗಾತಾ ಫೈನಲೂ ಗೆದ್ದು ಜೆ1ಗೆ ಹೋಯ್ತು. ಎಕ್ಸ್‌ಟ್ರಾ ಟೈಮ್ ಇದ್ದಿದ್ರೆ ಅವನ್ಯಾಕೆ ಓಡಿ ಬರ್ತಿದ್ದ ಹೇಳಿ.

ಪ್ರ: ಚಾಂಪಿಯನ್ ಆದ ಮಚಿದಾ ಝೆಲ್ವಿಯಾ ಟೀಮಿನ ಕೋಚ್ ಮೊದ್ಲ ಹೈಸ್ಕೂಲ್ ಹುಡುಗ್ರಿಗೆ ಕಲಿಸ್ತಿದ್ರಂತ, ಖರೇ ಏನ್ರಿ? (ಧಾರವಾಡ)

ಉ: ಖರೇನೇ ರೀ. ಗೋ ಕುರೋಡಾ, ಅಒಮೊರಿ ಯಮಾದಾ ಅನ್ನೋ ಸ್ಕೂಲಿನ ಟೀಮನ್ನ 28 ವರ್ಷ ನೋಡ್ಕೊಂಡೋರು. ಜಪಾನಲ್ಲಿ ಹೈಸ್ಕೂಲ್ ಫುಟ್‌ಬಾಲ್ ಅಂದ್ರೆ ಸಣ್ಣ ವಿಷಯ ಅಲ್ಲ, ಅದ್ರ ರಾಷ್ಟ್ರೀಯ ಟೂರ್ನಿ ಟೀವಿಲಿ ಬರತ್ತೆ, ಸ್ಟೇಡಿಯಂ ತುಂಬತ್ತೆ. ಆದ್ರೂ ಪ್ರೊಫೆಷನಲ್ ಟೀಮ್ ಒಂದಕ್ಕೆ ಸೀದಾ ಅಲ್ಲಿಂದ ಕರ್ಕೊಂಡು ಬರೋದು ಅಂದ್ರೆ, ನಮ್ಮ ಜಿಲ್ಲಾ ಕ್ರೀಡಾಕೂಟದಲ್ಲಿ ಸೀಟಿ ಊದೋ ಪಿಟಿ ಮೇಷ್ಟ್ರನ್ನ ಕರ್ಕೊಂಡು ಬಂದು ರಣಜಿ ಟೀಮ್ ಕೈಗೆ ಕೊಟ್ಟ ಹಂಗೆ, ಜನ ನಗಲ್ವಾ? ಮಚಿದಾ ಝೆಲ್ವಿಯಾ 2022ರಲ್ಲಿ 15ನೇ ಸ್ಥಾನ. ಕುರೋಡಾ ಬಂದ ಮೊದಲ ವರ್ಷವೇ 26 ಗೆಲುವು, 87 ಪಾಯಿಂಟ್, ಚಾಂಪಿಯನ್, ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಸಲ ಜೆ1. ಅಕ್ಟೋಬರಲ್ಲೇ ಪ್ರಮೋಷನ್ ಪಕ್ಕಾ ಮಾಡ್ಕೊಂಡ್ರು. ದುಡ್ಡೂ ಇತ್ತು ಅನ್ನಿ, 2018ರಲ್ಲಿ ಸೈಬರ್‌ಏಜೆಂಟ್ ಅನ್ನೋ ದೊಡ್ಡ ಇಂಟರ್‌ನೆಟ್ ಕಂಪನಿ ಕ್ಲಬ್ಬನ್ನ ತಗೊಂಡಿತ್ತು, ಆಸ್ಟ್ರೇಲಿಯಾದ ಮಿಚೆಲ್ ಡ್ಯೂಕ್ ತರದೋರು ಮುಂದೆ ಆಡ್ತಿದ್ರು. ಉದ್ದುದ್ದ ಥ್ರೋ-ಇನ್ ಹಾಕ್ತಾರೆ, ಆಟ ನೋಡೋಕೆ ಚಂದ ಇಲ್ಲ ಅಂತ ಬೈಯೋರು ಜಪಾನಲ್ಲಿ ಬೇಕಾದಷ್ಟು ಜನ. ಬೈಸ್ಕೊಂಡೇ 2024ರಲ್ಲಿ ಜೆ1ನಲ್ಲಿ ಮೂರನೇ ಸ್ಥಾನಕ್ಕೆ ಬಂದ್ರು.

ಪ್ರ: ಇವಾಟಾದವರು ಹೊಸ ಆಟಗಾರರನ್ನೇ ತಗೊಳ್ದೆ ಆಡಿದ್ರಂತೆ, ಯಾಕೆ? (ಮೈಸೂರು)

ಉ: ತಗೊಳೋ ಹಂಗಿರ್ಲಿಲ್ಲ. ಫೇಬಿಯನ್ ಗೊನ್ಸಾಲೆಸ್ ಅನ್ನೋ ಆಟಗಾರ ಥಾಯ್ಲೆಂಡ್ ಕ್ಲಬ್ ಜೊತೆಗಿನ ಕಾಂಟ್ರಾಕ್ಟ್ ಮುರಿದು ಬಂದಿದ್ದ ವಿಷಯಕ್ಕೆ ಫಿಫಾ ಇವರಿಗೆ ಹೊಸಬರನ್ನ ನೋಂದಾಯಿಸದ ಹಂಗೆ ನಿಷೇಧ ಹಾಕಿತ್ತು. ಇದ್ದೋರಲ್ಲೇ ಸಂಭಾಳಿಸಬೇಕಾಯ್ತು, ಅದ್ರಿಂದ ಒಂದು ಒಳ್ಳೇದೂ ಆಯ್ತು, ಅಕಾಡೆಮಿಯ 17 ವರ್ಷದ ಕೇಸುಕೆ ಗೊಟೊಗೆ ಮೊದಲ ಮ್ಯಾಚಲ್ಲೇ ಚಾನ್ಸ್ ಸಿಕ್ತು, ಎರಡು ಗೋಲ್ ಹೊಡೆದ. ಸೀಸನ್ ಮುಗಿದ ಮೇಲೆ ಬೆಲ್ಜಿಯಂನ ಆಂಡರ್‌ಲೆಕ್ಟ್‌ಗೆ ಹೋದ.

ಪ್ರ: ನಾನು ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಫ್ಯಾನ್. 2023-24ರಲ್ಲಿ ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್)ನಲ್ಲಿ ಕೊನೇ ಸ್ಥಾನ ಬಂದ್ರೂ ಯಾರೂ ಕೆಳಗೆ ಬೀಳ್ಲಿಲ್ಲ, ಜಪಾನಲ್ಲಿ ಹೆಂಗೆ? (ಬೆಂಗಳೂರು)

ಉ: ಅಲ್ಲಿ ಬೀಳ್ತಾರೆ. 2023ರಲ್ಲಿ ಓಮಿಯಾ ಆರ್ಡಿಜಾ ಮತ್ತೆ ಕನಜಾವಾ ಮೂರನೇ ದರ್ಜೆಯ ಜೆ3ಗೆ ಹೋದ್ರು. ಓಮಿಯಾ ಎಷ್ಟೋ ವರ್ಷ ಜೆ1ನಲ್ಲಿ ಇದ್ದ ಕ್ಲಬ್, ಯಾರೂ ಕೈ ಹಿಡೀಲಿಲ್ಲ. 2023-24ರಲ್ಲಿ ನಿಮ್ಮ ಬಿಎಫ್‌ಸಿ 12ರಲ್ಲಿ 10ನೇದಾಗಿತ್ತಲ್ಲ, ಆ ಏಪ್ರಿಲಲ್ಲಿ ನೀವು ಆರಾಮಾಗಿ ನಿದ್ದೆ ಮಾಡಿರ್ತೀರ, ಓಮಿಯಾ ಫ್ಯಾನಿಗೆ ಆ ಭಾಗ್ಯ ಇಲ್ಲ.

ಪ್ರ: ಜೆ2 ಟೀಮ್‌ಗಳ ಸ್ಟ್ಯಾಂಡರ್ಡ್ ಹೆಂಗಿದೆ? ಜೆ1 ಟೀಮ್ ಎದುರು ನಿಲ್ತಾವಾ? (ಶಿವಮೊಗ್ಗ)

ಉ: ವೆಂಟ್‌ಫೊರೆ ಕೊಫು ಕೇಳಿ. 2022ರಲ್ಲಿ ಜೆ2ನಲ್ಲಿ 18ನೇ ಸ್ಥಾನ, ಅದೇ ವರ್ಷ ಎಲ್ಲಾ ದರ್ಜೆ ಟೀಮ್‌ಗಳೂ ಆಡೋ ಎಂಪರರ್ಸ್ ಕಪ್ಪಲ್ಲಿ ಒಂದರ ಹಿಂದೆ ಒಂದು ಐದು ಜೆ1 ಟೀಮ್ ಹೊಡೆದು ಕಪ್ ಎತ್ತಿದ್ರು. ಫೈನಲಲ್ಲಿ ಹಿರೋಶಿಮಾ ಮೇಲೆ 1-1, ಎಕ್ಸ್‌ಟ್ರಾ ಟೈಮಲ್ಲಿ 42 ವರ್ಷದ ಹಿದೆಒಮಿ ಯಮಮೊತೊ ಕೈಗೆ ಬಾಲ್ ತಾಗಿ ಪೆನಾಲ್ಟಿ ಕೊಟ್ಬಿಟ್ಟ, ಗೋಲ್‌ಕೀಪರ್ ಕವಾತಾ ತಡೆದ, ಶೂಟೌಟಲ್ಲಿ ಗೆಲ್ಲಿಸೋ ಕಡೇ ಕಿಕ್ ಹೊಡೆದಿದ್ದು ಅದೇ ಯಮಮೊತೊ. ಹಂಗಾಗಿ 2023ರಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್ ಆಡಿದ್ರು, ಸ್ವಂತ ಸ್ಟೇಡಿಯಂ ಏಷ್ಯಾ ಫುಟ್‌ಬಾಲ್ ಸಂಸ್ಥೆ ಎಎಫ್‌ಸಿಯ ನಿಯಮಕ್ಕೆ ಸಾಲದೆ ಟೋಕಿಯೋಗೆ ಬಂದು ಆಡಬೇಕಾಯ್ತು, ಬೇರೆ ಬೇರೆ ಕ್ಲಬ್ಬಿನ ಫ್ಯಾನ್‌ಗಳು ತಮ್ಮ ತಮ್ಮ ಜರ್ಸಿ ಹಾಕ್ಕೊಂಡೇ ಬಂದು ಕೊಫುಗೆ ಕೂಗಿದ್ರು. ಮೆಲ್ಬರ್ನ್ ಸಿಟಿ, ಬುರಿರಾಮ್, ಝೆಜಿಯಾಂಗ್ ಇದ್ದ ಗ್ರೂಪಲ್ಲಿ ಮೊದಲ ಸ್ಥಾನ. ಆ ವರ್ಷ ಜೆ2ನಲ್ಲಿ ಅವ್ರು ಎಂಟನೇದು, ಪ್ಲೇಆಫ್‌ಗೂ ಬರ್ಲಿಲ್ಲ!

ಪ್ರ: ಮ್ಯಾಚ್ ಟೈಮಿಂಗ್ ನಮಗೆ ಹೊಂದತ್ತಾ? (ಹಾಸನ)

ಉ: ಮೂರೂವರೆ ಗಂಟೆ ಮುಂದೆ ಇದಾರೆ. ಅಲ್ಲಿ ಮಧ್ಯಾಹ್ನ ಎರಡಕ್ಕೆ ಶುರುವಾದ್ರೆ ನಮಗೆ ಹತ್ತೂವರೆ, ಭಾನುವಾರ ತಿಂಡಿ ಮುಗಿಸಿ ಕೂರಬಹುದು.

ಪ್ರ: ಹೊಸದಾಗಿ ನೋಡೋಕೆ ಶುರು ಮಾಡೋನು ಯಾವ ಟೀಮ್ ಹಿಡೀಲಿ? (ಕಲಬುರಗಿ)

ಉ: ಶಿಮಿಜು ಅನ್ನೋಣ ಅಂದ್ರೆ 2024ರಲ್ಲಿ ಜೆ2 ಗೆದ್ದು ಮೇಲೆ ಹೋದ್ರು. ನನ್ ಕೇಳಿದ್ರೆ ಆ ಕೊನೇ ದಿನ ಅವರನ್ನ ತಡೆದು ನಿಲ್ಸಿದ ಮಿತೋ ಹಾಲಿಹಾಕ್. 2000ನೇ ಇಸವಿಲಿ ಜೆ2ಗೆ ಬಂದೋರು ಮೇಲೂ ಹೋಗ್ಲಿಲ್ಲ, ಕೆಳಗೂ ಬೀಳ್ಲಿಲ್ಲ, ಕಾಲು ಶತಮಾನ ಅಲ್ಲೇ. ಕಡೆಗೆ 2025ರಲ್ಲಿ ಚಾಂಪಿಯನ್ ಆಗಿ ಜೆ1ಗೆ ಹತ್ತಿದ್ರು. ಅವರ ಜೊತೆ ನೀವೂ ಜೆ1ಇಂದಲೇ ಶುರು ಮಾಡಿ.